ತಾರೆ ನೋಡಲು ಬೆಟ್ಟವೇ ಬೇಕೆ?

ಚಳಿ ಶುರುವಾದರೆ ಸಾಕು, ಕಾಲೇಜಿನ ವಿಜ್ಞಾನ ಸಂಘಗಳಲ್ಲಿ, ಆಫೀಸಿನ ಗೆಳೆಯರ ನಡುವೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಯೋಜನೆ ತಲೆಯೆತ್ತುತ್ತದೆ. ಶನಿವಾರ ಮಧ್ಯಾಹ್ನ ಹೊರಟು ಊರಾಚೆ ಟೆಂಟು ಹಾಕುವುದು, ರಾತ್ರಿಯಿಡೀ ನಕ್ಷತ್ರ ನೋಡುವುದು, ಭಾನುವಾರ ಮನೆಗೆ ಮರಳುವುದು. ಎಲ್ಲಿಗೆ ಎಂದು ಕೇಳಿದರೆ ಬಹುತೇಕರ ಬಾಯಿಂದ ಮೊದಲು ಹೊರಡುವುದು ಯಾವುದಾದರೊಂದು ಬೆಟ್ಟದ ಹೆಸರು. ಮೇಲೆ ಹೋದಷ್ಟೂ ಆಕಾಶ ಹತ್ತಿರ ಎಂಬ ಭಾವನೆ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇರುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ನಾಲ್ಕು ಜ್ಯೋತಿರ್ವರ್ಷಕ್ಕಿಂತ ದೂರದಲ್ಲಿದೆ. ಮುಳ್ಳಯ್ಯನಗಿರಿಯ ಸುಮಾರು 1,900 ಮೀಟರ್ ಹತ್ತಿದ್ದಕ್ಕೆ ಆ ಲೆಕ್ಕದಲ್ಲಿ ಸಿಗುವ ರಿಯಾಯಿತಿ ಏನೇನೂ ಇಲ್ಲ.

ಎತ್ತರದಿಂದ ಸಿಗುವ ನಿಜವಾದ ಲಾಭ ಬೇರೆ. ತಲೆಯ ಮೇಲಿನ ಗಾಳಿ ತೆಳುವಾಗುತ್ತದೆ, ದೂಳೂ ತೇವವೂ ಕೆಳಗೇ ಉಳಿಯುತ್ತವೆ. ಆದರೆ ಇದು ದಕ್ಕುವುದು ಲಡಾಖಿನ ಹಾನ್ಲೆಯಂಥ ಒಣ ಶೀತಲ ಮರುಭೂಮಿಯಲ್ಲಿ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ನಮ್ಮ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ನಮ್ಮ ನಂದಿ, ಚಾರ್ಮಾಡಿ, ಬಾಬಾಬುಡನ್‌ಗಿರಿಗಳ ಎತ್ತರ ಮಾತ್ರ ಮೋಡ ಮತ್ತು ಮಂಜು ಬಂದು ಕೂರಲು ಹೇಳಿ ಮಾಡಿಸಿದ ಎತ್ತರ. ನಂದಿಗೆ ಜನ ಬೆಳಗಿನ ಜಾವ ಸಾಲುಗಟ್ಟಿ ಹೋಗುವುದೇ ಕಾಲಕೆಳಗೆ ಮೋಡ ನೋಡಲು. ಆ ಮೋಡ ಸ್ವಲ್ಪ ಮೇಲೇರಿತೋ, ನಕ್ಷತ್ರ ನೋಡಲು ಬಂದವನಿಗೆ ಸಿಗುವುದು ಬಿಳಿ ಗೋಡೆ.

ಈ ವಿಷಯದಲ್ಲಿ ಖಗೋಳಜ್ಞ ವೇಣು ಬಾಪು ಅವರಿಗಿಂತ ಒಳ್ಳೆಯ ಗುರು ಸಿಗಲಾರರು. 1960ರಲ್ಲಿ ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. 2,300 ಮೀಟರಿಗೂ ಮಿಕ್ಕ ಎತ್ತರದ ಆ ಗುಡ್ಡದಲ್ಲಿ ಇಪ್ಪತ್ತನೇ ಶತಮಾನದ ಆರಂಭದಿಂದ ಸೂರ್ಯನ ಅಧ್ಯಯನ ನಡೆದಿತ್ತು. ಹಗಲಿಗೆ ಸರಿ, ರಾತ್ರಿಯ ಕೆಲಸಕ್ಕೆ ಅಲ್ಲಿನ ಮೋಡ ಬಿಡುತ್ತಿರಲಿಲ್ಲ. ಬಾಪು ದಕ್ಷಿಣ ಭಾರತವನ್ನೆಲ್ಲ ಹುಡುಕಿ ಕೊನೆಗೆ ಆರಿಸಿದ್ದು ತಮಿಳುನಾಡಿನ ಜವಾದಿ ಗುಡ್ಡಗಳ ನಡುವಿನ ಕಾವಲೂರನ್ನು. 1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಚಿಕ್ಕ ಟೆಲಿಸ್ಕೋಪಿನಿಂದ ಕೆಲಸ ಶುರುವಾಯಿತು. 1977ರ ಮಾರ್ಚ್‌ನಲ್ಲಿ ಯುರೇನಸ್‌ ಗ್ರಹಕ್ಕೆ ಉಂಗುರಗಳಿವೆ ಎಂಬುದಕ್ಕೆ ಸಾಕ್ಷಿ ಸಿಕ್ಕ ಜಾಗಗಳಲ್ಲಿ ಕಾವಲೂರೂ ಒಂದು. ಈಗ ಬಾಪು ಅವರ ಹೆಸರನ್ನೇ ಹೊತ್ತ 2.34 ಮೀಟರಿನ ಟೆಲಿಸ್ಕೋಪ್ ಅಲ್ಲಿದೆ. ಇಷ್ಟೆಲ್ಲ ಕಂಡ ಕಾವಲೂರಿನ ಎತ್ತರ ಎಷ್ಟು ಗೊತ್ತೆ? ಸುಮಾರು 725 ಮೀಟರ್. ಬೆಂಗಳೂರಿಗಿಂತ ಇನ್ನೂರು ಮೀಟರಿನಷ್ಟು ತಗ್ಗು. ಬಾಪು ಅಳೆದದ್ದು ಎತ್ತರವನ್ನಲ್ಲ. ಮೋಡವಿಲ್ಲದ ರಾತ್ರಿಗಳು, ಊರಿನ ಬೆಳಕಿಲ್ಲದ ಸುತ್ತಳತೆ, ದಕ್ಷಿಣದ ಆಕಾಶ ಹೆಚ್ಚು ಕಾಣುವ ಅಕ್ಷಾಂಶ, ಇವನ್ನು.

ವಾರಾಂತ್ಯದ ಗುಂಪಿಗೂ ಅಳತೆಗೋಲು ಇವೇ. ಜೊತೆಗೆ ಇನ್ನೊಂದು ಸೇರಿಸಬೇಕು: ಇಪ್ಪತ್ತು ಮೂವತ್ತು ಜನ, ಅದರಲ್ಲಿ ಮಕ್ಕಳು, ಅಜ್ಜಿ, ಮಂಡಿನೋವಿನ ಮಾವ, ಎಲ್ಲರೂ ರಾತ್ರಿ ಮೂರು ಗಂಟೆಯ ತನಕ ನೆಮ್ಮದಿಯಾಗಿ ಇರಬಲ್ಲ ಜಾಗ ಅದಾಗಿರಬೇಕು. ಇವನ್ನೆಲ್ಲ ಕೂಡಿಸಿ ನೋಡಿದರೆ ನನ್ನ ಮತ ಬಯಲುಸೀಮೆಯ ಕೊಯ್ಲು ಮುಗಿದ ಹೊಲಕ್ಕೇ ಬೀಳುತ್ತದೆ. ಬೆಟ್ಟವೂ ಬೇಡ, ಕಾಡೂ ಬೇಡ, ಸಾಲಾಗಿ ಟೆಂಟು ಹಾಕಿ ಸೀರಿಯಲ್ ಸೆಟ್ ಉರಿಸಿ ಡಿಜೆ ಹಾಕುವ ಕ್ಯಾಂಪಂತೂ ಬೇಡವೇ ಬೇಡ.

ಹಳೇ ಮೈಸೂರಿನ ಕಡೆ ಡಿಸೆಂಬರ್ ಹೊತ್ತಿಗೆ ರಾಗಿ ಕಟಾವಾಗಿ ಮೆದೆ ಏರಿರುತ್ತದೆ. ಹೊಲ ಬರಿದು, ಸುತ್ತ ಮರ ಕಡಿಮೆ, ನೆಲ ಒಣ. ಹಳೆಯ ಕಣವೊಂದು ಸಿಕ್ಕರೆ ಟೆಲಿಸ್ಕೋಪ್ ನಿಲ್ಲಿಸಲು ಅದಕ್ಕಿಂತ ಸಮತಟ್ಟಾದ ನೆಲ ಇಲ್ಲ. ಒಕ್ಕಣೆಯೆಲ್ಲ ಟಾರು ರಸ್ತೆಗೆ ಬಂದ ಮೇಲೆ ಕಣಗಳು ಸುಮ್ಮನೆ ಬಿದ್ದಿವೆ, ಈ ನೆಪದಲ್ಲಾದರೂ ಅವಕ್ಕೆ ಕೆಲಸ ಬರಲಿ. ಹೊಲದಂಚಿನ ಹಾಸುಬಂಡೆಯೂ ಒಳ್ಳೆಯದೇ. ಹುಲ್ಲಿಲ್ಲ, ಕೆಸರಿಲ್ಲ, ಚಾಪೆ ಹಾಸಿ ಮಲಗಿದರೆ ಬೆನ್ನಿಗೆ ಹಗಲಿನ ಬಿಸಿ ಹತ್ತುತ್ತದೆ. ಆ ಬಿಸಿಯಿಂದಲೇ ಒಂದು ತೊಡಕೂ ಇದೆ. ಸಂಜೆಯ ಮೊದಲ ಕೆಲವು ಗಂಟೆ ಬಂಡೆಯ ಮೇಲಿನ ಗಾಳಿ ಕುದಿಯುತ್ತಿರುತ್ತದೆ, ಹೆಚ್ಚು ವರ್ಧನೆಯಲ್ಲಿ ನೋಡಿದರೆ ಗುರು ಗ್ರಹದ ಬಿಂಬ ನಡುಗುತ್ತದೆ. ಬರಿಗಣ್ಣಿಗೆ ಇದರ ಬಾಧೆಯಿಲ್ಲ.

ಹೊಲದಲ್ಲೂ ತೀರ ತಗ್ಗಿನ ಜಾಗ ಬಿಡಿ. ಕೆರೆಯಂಗಳ, ಹಳ್ಳದ ದಡ, ಗದ್ದೆಬಯಲು ಹಗಲು ನೋಡಲು ಚೆಂದ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಎರಡು ಗಂಟೆಗೆಲ್ಲ ಇಬ್ಬನಿ ಕಟ್ಟಿ ಮಸೂರಗಳು ಮಬ್ಬಾಗುತ್ತವೆ, ಹೊದಿಕೆ ಒದ್ದೆಯಾಗುತ್ತದೆ, ಮಕ್ಕಳು ಸೀನಲು ಶುರುಮಾಡುತ್ತಾರೆ. ಹಳ್ಳದ ಮಟ್ಟದಿಂದ ಒಂದೆರಡು ಆಳೆತ್ತರ ಮೇಲಿರುವ ದಿಣ್ಣೆ ಸಾಕು, ಇದರಿಂದ ತಪ್ಪಿಸಿಕೊಳ್ಳಬಹುದು. ದಿಣ್ಣೆಯ ನೆತ್ತಿಗೇ ಹೋದರೆ ಗಾಳಿ ಕಾಡುತ್ತದೆ, ನೆತ್ತಿಗಿಂತ ತುಸು ಕೆಳಗೆ ಗಾಳಿಗೆ ಮರೆಯಾದ ಕಡೆ ನಿಲ್ಲಿ.

ಇನ್ನು ದಿಕ್ಕಿನ ಮಾತು. ಜಾಗ ಹುಡುಕುವವರು ಎಷ್ಟು ಕತ್ತಲೆ ಎಂದು ಕೇಳುತ್ತಾರೆಯೇ ಹೊರತು ಯಾವ ಕಡೆ ಕತ್ತಲೆ ಎಂದು ಕೇಳುವುದಿಲ್ಲ. ಬೆಂಗಳೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಹಾಗಾಗಿ ಧ್ರುವ ನಮಗೆ ಒಂದೂಕಾಲು ಮುಷ್ಟಿ ಎತ್ತರ ಅಷ್ಟೆ. ಉತ್ತರದಲ್ಲಿ ನಾವು ಕಳೆದುಕೊಂಡದ್ದನ್ನು ದಕ್ಷಿಣ ಬಡ್ಡಿಸಹಿತ ತುಂಬಿಕೊಡುತ್ತದೆ. ಆಕಾಶದ ಎರಡನೇ ಅತ್ಯುಜ್ವಲ ನಕ್ಷತ್ರ ಅಗಸ್ತ್ಯ ನಮಗೆ 24 ಡಿಗ್ರಿ ಏರುತ್ತದೆ, ಇಂಗ್ಲೆಂಡಿನಲ್ಲಿ ಅದು ಹುಟ್ಟುವುದೇ ಇಲ್ಲ. ತ್ರಿಶಂಕು ನಕ್ಷತ್ರಪುಂಜ ಬೆಂಗಳೂರಿನಲ್ಲಿ 17 ಡಿಗ್ರಿ, ಬೀದರಿನಲ್ಲಿ 12 ಡಿಗ್ರಿ. ಲಕ್ಷಾಂತರ ತಾರೆಗಳ ಗುಚ್ಛ ಒಮೆಗಾ ಸೆಂಟಾರಿ ಮೂರು ಮುಷ್ಟಿ ಎತ್ತರಕ್ಕೆ ಬಂದು ಬರಿಗಣ್ಣಿಗೇ ಮಸುಕು ಚುಕ್ಕೆಯಾಗಿ ಸಿಗುತ್ತದೆ. ವೃಶ್ಚಿಕ ಮತ್ತು ಧನು ರಾಶಿಗಳ ನಡುವೆ ಆಕಾಶಗಂಗೆಯ ಕೇಂದ್ರ ಹಾದುಹೋಗುವುದೂ ದಕ್ಷಿಣದಲ್ಲೇ, 48 ಡಿಗ್ರಿ ಎತ್ತರದಲ್ಲಿ.

ನಮ್ಮ ಆಕಾಶದ ಆಸ್ತಿಯೆಲ್ಲ ದಕ್ಷಿಣಕ್ಕಿದೆ ಅಂದಮೇಲೆ ದಕ್ಷಿಣ ದಿಗಂತ ತೆರೆದಿರಬೇಕು, ಅಲ್ಲಿ ಊರು ಹೊಳೆಯುತ್ತಿರಬಾರದು. ಅದಕ್ಕೇ ಗುಡ್ಡದ ಉತ್ತರದ ಬುಡದಲ್ಲಿ, ತೆಂಗಿನ ತೋಟದ ಉತ್ತರದ ಅಂಚಿನಲ್ಲಿ ಬಿಡಾರ ಹೂಡಬಾರದು. ದೊಡ್ಡ ಊರು ನಿಮ್ಮ ಉತ್ತರಕ್ಕಿರಲಿ. ಬೆಂಗಳೂರಿನಿಂದ ಉತ್ತರಕ್ಕೆ, ಗೌರಿಬಿದನೂರು, ಮಧುಗಿರಿ ಕಡೆಗೆ ಹೋದರೆ ನಗರದ ಹೊಳಪು ತ್ರಿಶಂಕು ಮೂಡುವ ಕಡೆಗೇ ಬಂದು ನಿಲ್ಲುತ್ತದೆ. ದಕ್ಷಿಣಕ್ಕೆ ಹೋದರೆ ಅದು ಬೆನ್ನ ಹಿಂದೆ ಉಳಿಯುತ್ತದೆ, ಕಳೆದುಕೊಳ್ಳುವುದು ಹೆಚ್ಚೆಂದರೆ ಧ್ರುವನನ್ನು. ಆದರೆ ಕನಕಪುರ ದಾಟಿ ಕೊಳ್ಳೇಗಾಲ, ಹನೂರು ಎಂದು ಮುಂದುವರಿದಂತೆ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟದ ಕಾಡು ಹತ್ತಿರವಾಗುತ್ತದೆ. ಅಲ್ಲಿ ರಾತ್ರಿ ಹೊಲದಲ್ಲಿ ಕೂತು ಆಕಾಶ ನೋಡಲು ಆನೆಗಳ ಅನುಮತಿ ಬೇಕು. ಕಾಡಿನಂಚಿನಿಂದ ಸಾಕಷ್ಟು ಈಚೆಗಿರುವ ಹಳ್ಳಿಯನ್ನು ಹಿಡಿಯಿರಿ. ಇಲ್ಲವೇ ಉತ್ತರಕ್ಕೇ ಹೋಗಿ, ಆದರೆ ದೂರ ಹೋಗಿ. ಪಾವಗಡ, ಹಿರಿಯೂರು, ಚಳ್ಳಕೆರೆಯ ಸೀಮೆ ರಾಜ್ಯದಲ್ಲೇ ಅತಿ ಒಣ ಪ್ರದೇಶಗಳಲ್ಲೊಂದು, ಅಷ್ಟು ದೂರಕ್ಕೆ ಬೆಂಗಳೂರಿನ ಹೊಳಪು ದಿಗಂತಕ್ಕೆ ಕುಗ್ಗಿರುತ್ತದೆ. ಹುಬ್ಬಳ್ಳಿ-ಧಾರವಾಡದವರಿಗೆ ನರಗುಂದ, ನವಲಗುಂದ, ರೋಣದ ಎರೆಹೊಲಗಳಿವೆ. ಸುತ್ತ ಎತ್ತ ತಿರುಗಿದರೂ ದಿಗಂತ ನೆಲಕ್ಕೆ ತಾಗಿ ಕಾಣುವ ಇಂಥ ಬಯಲು ನಮ್ಮ ರಾಜ್ಯದಲ್ಲಿ ಬೇರೆಡೆ ಕಡಿಮೆ. ಅಲ್ಲಿ ಹಿಂಗಾರಿ ಬಿಳಿಜೋಳ ಫೆಬ್ರುವರಿಯವರೆಗೂ ನಿಂತಿರುತ್ತದೆಂಬುದು ನೆನಪಿರಲಿ, ಮೊದಲೇ ಕೇಳಿಕೊಂಡು ಹೋಗಿ. ಮಳೆ ಬಿದ್ದ ಮರುದಿನವಂತೂ ಎರೆಮಣ್ಣಿಗೆ ಕಾರು ಇಳಿಸಬೇಡಿ, ಟ್ರ್ಯಾಕ್ಟರ್ ಬಂದು ಎಳೆಯಬೇಕಾಗುತ್ತದೆ.

ಮಲೆನಾಡಿನವರು, ಕರಾವಳಿಯವರು ನನ್ನ ಮೇಲೆ ಮುನಿಸಿಕೊಳ್ಳಬಾರದು. ಕಾಫಿ ತೋಟದಲ್ಲಿ ಕತ್ತಲೆ ದಟ್ಟವೇ. ಆದರೆ ಸಿಲ್ವರ್ ಓಕ್ ನಡುವಿನ ಕಿಂಡಿಯಲ್ಲಿ ಎಷ್ಟು ಆಕಾಶ ಕಂಡೀತು? ಕಡಲತೀರದಲ್ಲಿ ಪಶ್ಚಿಮವೆಲ್ಲ ಬಯಲಾಗಿದ್ದರೂ ಗಾಳಿಯ ತೇವ ದಿಗಂತದ ನಕ್ಷತ್ರಗಳನ್ನು ನುಂಗುತ್ತದೆ, ಮೀನುದೋಣಿಗಳ ದೀಪ ಬೇರೆ.

ಎಷ್ಟು ದೂರ ಹೋಗಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಖಗೋಳಜ್ಞ ಮರ್ಲ್ ವಾಕರ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಊರುಗಳ ಹೊಳಪನ್ನು ಅಳೆದು ಕಂಡುಕೊಂಡದ್ದು ಇದು: ಊರಿನಿಂದ ಇರುವ ದೂರ ಇಮ್ಮಡಿಯಾದರೆ ಹೊಳಪು ಅರ್ಧಕ್ಕಲ್ಲ, ಐದೂವರೆ ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಹಾಗಾಗಿ ಬೆಂಗಳೂರಿನಿಂದ 60 ಕಿ.ಮೀ. ಹೋಗಿ ನಿಲ್ಲುವ ಬದಲು ಇನ್ನೊಂದೂವರೆ ಗಂಟೆ ಕಾರು ಓಡಿಸಿ 120 ಕಿ.ಮೀ. ಮುಟ್ಟುವುದು ಖಂಡಿತ ಲಾಭದ ವ್ಯವಹಾರ. ಅಲ್ಲಿಂದಾಚೆ ಇನ್ನೂ ನೂರು ಕಿ.ಮೀ. ಹೋದರೆ ಕತ್ತಲೆ ಹೆಚ್ಚುವುದು ನಿಜ, ಆದರೆ ಭಾನುವಾರ ನಿದ್ದೆಗೆಟ್ಟು ವಾಪಸು ಓಡಿಸುವವನ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ವಾರಾಂತ್ಯಕ್ಕೆ ನೂರರಿಂದ ನೂರೈವತ್ತು ಕಿ.ಮೀ. ಹದವಾದ ದೂರ.

ಕತ್ತಲೆಯ ನಕ್ಷೆಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಅವುಗಳ ಮೂಲ ಹೆಚ್ಚಾಗಿ ಸುಯೋಮಿ ಎನ್‌ಪಿಪಿಯಂಥ ಉಪಗ್ರಹಗಳು ತೆಗೆದ ರಾತ್ರಿಯ ಚಿತ್ರ. 2016ರಲ್ಲಿ ಇಂಥ ಮಾಹಿತಿಯಿಂದಲೇ ತಯಾರಾದ ಜಾಗತಿಕ ನಕಾಶೆಯು ಮನುಕುಲದ ಮೂರರಲ್ಲೊಂದಕ್ಕೂ ಹೆಚ್ಚು ಪಾಲಿಗೆ ತಮ್ಮ ಮನೆಯಿಂದ ಆಕಾಶಗಂಗೆ ಕಾಣುವುದಿಲ್ಲ ಎಂದು ತೋರಿಸಿತು. ನಕ್ಷೆ ಒಳ್ಳೆಯ ಆರಂಭ, ಆದರೆ ಅದನ್ನೇ ನಂಬಿ ಟೆಂಟು ಕಟ್ಟಿದವರು ಮೋಸಹೋಗುತ್ತಾರೆ. ಆ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಹನ್ನೊಂದಕ್ಕೆ ಆರುವ ಕಲ್ಯಾಣಮಂಟಪದ ದೀಪ ಅದಕ್ಕೆ ಕಾಣುವುದಿಲ್ಲ. ಎಲ್‌ಇಡಿ ಬೀದಿದೀಪದ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು, ಆಕಾಶದಲ್ಲಿ ಚೆದುರಿ ಹೊಳಪೇಳಿಸುವುದೂ ಆ ನೀಲಿಯೇ, ಉಪಗ್ರಹದ ಕಣ್ಣಿಗೆ ಕುರುಡಾಗಿರುವುದೂ ಅದೇ.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ಬೆಳಕಿದೆ, ಸೇವಂತಿಗೆ ಹೊಲದ್ದು. ರಾತ್ರಿ ಉದ್ದವಾದಾಗ ಹೂಬಿಡುವ ಗಿಡ ಸೇವಂತಿಗೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ಬೆಳೆಗಾರರು ಗಿಡ ಇನ್ನಷ್ಟು ಬೆಳೆದ ಮೇಲೆ ಮೊಗ್ಗಾಗಲಿ ಎಂದು ಹೊಲದ ತುಂಬ ಬಲ್ಬು ಕಟ್ಟಿ ರಾತ್ರಿ ಕೆಲವು ಗಂಟೆ ಉರಿಸುತ್ತಾರೆ. ದೂರದಿಂದ ನೋಡಲು ಜಾತ್ರೆಯಷ್ಟು ಸೊಗಸು. ಪಕ್ಕದ ಹೊಲದಲ್ಲಿ ಟೆಲಿಸ್ಕೋಪ್ ನಿಲ್ಲಿಸಿದವನ ಕಥೆ ಬೇರೆ. ಅದು ಅವರ ಅನ್ನದ ದೀಪ, ಆರಿಸಿ ಎಂದು ಕೇಳುವ ಹಾಗಿಲ್ಲ. ಇದಲ್ಲದೆ ಕಲ್ಲು ಕ್ರಷರ್, ಕೋಳಿಫಾರಂ, ಊರಬಾಗಿಲಿನ ಹೈಮಾಸ್ಟ್ ದೀಪ, ಚಿತ್ರದುರ್ಗ-ಗದಗ ಕಡೆಯ ಗಾಳಿಯಂತ್ರಗಳ ನೆತ್ತಿಯ ಮಿನುಗುವ ಕೆಂಪು ದೀಪ, ಇವಾವುವೂ ನಕ್ಷೆಯಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಗುಂಪನ್ನು ಕರೆದೊಯ್ಯುವ ಮುಂಚೆ ಇಬ್ಬರು ಒಮ್ಮೆ ಕತ್ತಲಾದ ಮೇಲೆ ಅಲ್ಲಿಗೆ ಹೋಗಿ ನಿಂತು ನೋಡಿ ಬರಲೇಬೇಕು. ಹಗಲು ನೋಡಿದ್ದು ಲೆಕ್ಕಕ್ಕಿಲ್ಲ.

ಹೋದಾಗ ಕತ್ತಲೆಯನ್ನು ಅಳೆಯುವುದು ಹೇಗೆ? ಅಮೆರಿಕದ ಹವ್ಯಾಸಿ ಜಾನ್ ಬಾರ್ಟಲ್ 2001ರಲ್ಲಿ ಒಂಬತ್ತು ಮೆಟ್ಟಿಲಿನ ಮಾಪಕವೊಂದನ್ನು ಕೊಟ್ಟರು. ಒಂದು ಅಂದರೆ ಅಪ್ಪಟ ಕತ್ತಲೆ, ಒಂಬತ್ತು ಅಂದರೆ ಮಹಾನಗರದ ನಡುಮಧ್ಯೆ. ನಮ್ಮ ಗುಂಪಿಗೆ ನಾಲ್ಕು ಸಿಕ್ಕರೆ ಹಬ್ಬ. ಪಾಶ್ಚಾತ್ಯ ಪುಸ್ತಕಗಳು ಲಘು ಸಪ್ತರ್ಷಿಯ ಮಸುಕು ತಾರೆಗಳು ಕಾಣುತ್ತವೆಯೇ ನೋಡಿ ಎನ್ನುತ್ತವೆ. ಆ ಪರೀಕ್ಷೆ ಇಲ್ಲಿ ನಡೆಯದು, ಅದು ನಮಗೆ ಉತ್ತರದ ದೂಳಿನಲ್ಲಿ ಮುಳುಗಿರುತ್ತದೆ. ಚಳಿಗಾಲದಲ್ಲಿ ನೆತ್ತಿಯ ಬಳಿಗೇ ಬರುವ ಕೃತ್ತಿಕೆಯನ್ನು ನೋಡಿ. ನಗರದಲ್ಲಿ ಅದೊಂದು ಮಬ್ಬು ಗುರುತು. ಆರು ತಾರೆಗಳನ್ನು ಬಿಡಿಬಿಡಿಯಾಗಿ ಎಣಿಸಬಲ್ಲಿರಾದರೆ ಜಾಗ ಪಾಸು. ಡಿಸೆಂಬರಿನ ಸಂಜೆ ದೇವಯಾನಿ ಗೆಲಾಕ್ಸಿ ಬರಿಗಣ್ಣಿಗೆ ಸಿಕ್ಕಿತೆಂದರೆ ಇನ್ನು ಹುಡುಕಾಟ ನಿಲ್ಲಿಸಿ ಮುಂಗಡ ಕೊಟ್ಟುಬಿಡಿ. 25 ಲಕ್ಷ ಜ್ಯೋತಿರ್ವರ್ಷ ದೂರದ ವಸ್ತು ಅದು.

ಜಾಗದಷ್ಟೇ ಮುಖ್ಯ ರಾತ್ರಿಯ ಆಯ್ಕೆ. ಇದಕ್ಕೆ ಆ್ಯಪ್ ಬೇಡ, ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಹುಣ್ಣಿಮೆಯ ಆಸುಪಾಸಿನ ಒಂದು ವಾರ ಬಿಟ್ಟುಬಿಡಿ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಬಹುಳ ಅಷ್ಟಮಿ ಬರುವಷ್ಟರಲ್ಲಿ ನಡುರಾತ್ರಿಯವರೆಗೆ ಕತ್ತಲು ಸಿಗುತ್ತದೆ. ನನಗೆ ಕೇಳಿದರೆ ಅಮಾವಾಸ್ಯೆಯ ನಂತರದ ಬಿದಿಗೆ, ತದಿಗೆಯೇ ಗುಂಪಿಗೆ ಚೆನ್ನ. ಸಂಜೆ ತೆಳು ಚಂದ್ರನನ್ನು ಟೆಲಿಸ್ಕೋಪಿನಲ್ಲಿ ತೋರಿಸಿದರೆ ಮಕ್ಕಳು ಆ ಕುಳಿಗಳನ್ನು ಮರೆಯುವುದಿಲ್ಲ, ಊಟ ಮುಗಿಸುವ ಹೊತ್ತಿಗೆ ಅವನೂ ಮುಳುಗಿರುತ್ತಾನೆ.

ಮಳೆಗಾಲದ ವಿಷಯದಲ್ಲಿ ನಮ್ಮ ರೈತರ ಲೆಕ್ಕವೇ ನಕ್ಷತ್ರದ್ದು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗೆ ಹೆಸರಿಟ್ಟದ್ದು ಆಗ ಸೂರ್ಯ ಯಾವ ನಕ್ಷತ್ರದ ಬಳಿ ಇರುತ್ತಾನೋ ಅದನ್ನು ಹಿಡಿದು. ಹಾಗಾಗಿ ಆರಿದ್ರಾ ಮಳೆ ಹೊಯ್ಯುವ ಜೂನ್ ಕೊನೆಯಲ್ಲಿ ಮೋಡ ಸರಿದರೂ ಆರಿದ್ರೆ ಕಾಣದು, ಅದು ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಅಶ್ವಿನಿ ಮಳೆ ಶುರುವಾಗುವ ಏಪ್ರಿಲ್ ಮಧ್ಯದಿಂದ ದಕ್ಷಿಣ ಒಳನಾಡಿನಲ್ಲಿ ಸಂಜೆಯ ಗುಡುಗು ಗ್ಯಾರಂಟಿಯೆಂದೇ ಇಟ್ಟುಕೊಳ್ಳಿ. ಹಿಂಗಾರಿನ ಮೋಡ ಸರಿದ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗಿನದು ನಮ್ಮ ಸುಗ್ಗಿ.

ಆ ಸುಗ್ಗಿಯೊಳಗೇ ಹಿರಿಯರು ಎರಡು ಕತ್ತಲ ರಾತ್ರಿಗಳನ್ನು ಹಬ್ಬ ಮಾಡಿಟ್ಟಿದ್ದಾರೆ. ಒಂದು ಎಳ್ಳ ಅಮಾವಾಸ್ಯೆ. ಉತ್ತರ ಕರ್ನಾಟಕದ ರೈತ ಕುಟುಂಬಗಳು ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಸಂಜೆಗೆ ಮರಳುತ್ತವೆ. ನಾನು ಹೇಳುವುದಿಷ್ಟೆ, ಮರಳಬೇಡಿ. ಬಂಧುಬಳಗ ಸೇರಿದೆ, ಊಟ ಇದೆ, ಹೊಲ ನಿಮ್ಮದೇ, ಚಂದ್ರನಿಲ್ಲ, ಚಳಿಗಾಲದ ತಿಳಿ ಆಕಾಶ. ಇನ್ನೊಂದು ಶಿವರಾತ್ರಿ. ಅದು ಬರುವುದು ಮಾಘ ಬಹುಳ ಚತುರ್ದಶಿಯಂದು, ಚಂದ್ರ ಹುಟ್ಟುವುದು ಬೆಳಕು ಹರಿಯುವ ಸ್ವಲ್ಪ ಮುಂಚೆ. ಹೇಗೂ ಜಾಗರಣೆ ಮಾಡುವ ರಾತ್ರಿ. ಗುಡಿಯ ದೀಪಾಲಂಕಾರ ಮತ್ತು ಮೈಕಿನಿಂದ ಎರಡು ಮೂರು ಕಿ.ಮೀ. ದೂರವಿದ್ದರೆ ಸಾಕು. ದೀಪಾವಳಿಯ ಅಮಾವಾಸ್ಯೆಯನ್ನು ಈ ಪಟ್ಟಿಗೆ ಸೇರಿಸಲು ಹೋಗಬೇಡಿ, ಪಟಾಕಿಯ ಹೊಗೆಗೆ ಅಗಸ್ತ್ಯನೂ ಕೆಮ್ಮಬೇಕು.

ಇನ್ನು ಹೊಲದ ಯಜಮಾನರನ್ನು ಕಂಡು ಮಾತಾಡುವ ಕೆಲಸ. ಅರಣ್ಯ ಇಲಾಖೆಯ ಕಾಡಿಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ, ಪುರಾತತ್ವ ಇಲಾಖೆಯ ಕೋಟೆಕೊತ್ತಲಗಳ ಬಾಗಿಲು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಖಾಸಗಿ ಹೊಲದ ಸುಖ ಎಂದರೆ ಕೇಳಲು ಒಬ್ಬ ಮನುಷ್ಯ ಸಿಗುತ್ತಾನೆ. “ಗೌಡ್ರೇ, ಒಂದು ರಾತ್ರಿ ನಿಮ್ಮ ಹೊಲದಲ್ಲಿ ಇರ್ತೀವಿ, ನಕ್ಷತ್ರ ನೋಡೋಕೆ” ಎಂದರೆ ಮೊದಲು ಸಿಗುವುದು ಅನುಮಾನದ ನೋಟ. ಅದರಲ್ಲಿ ಅವರ ತಪ್ಪಿಲ್ಲ. ಅಮಾವಾಸ್ಯೆಯ ರಾತ್ರಿ, ಹಳೇ ಗುಡಿಯ ಹತ್ತಿರದ ದಿಣ್ಣೆ, ಗುರುತಿಲ್ಲದ ಹತ್ತಿಪ್ಪತ್ತು ಜನ, ಕೈಯಲ್ಲಿ ಕೆಂಪು ಟಾರ್ಚು, ಏನೇನೋ ಉದ್ದನೆಯ ಕೊಳವೆ: ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಂದೇ ಅರ್ಥ, ನಿಧಿಗಳ್ಳರು. ಬೆಳಗಾಗುವುದರೊಳಗೆ ಊರೇ ದೊಣ್ಣೆ ಹಿಡಿದು ಬಂದರೆ ಆಶ್ಚರ್ಯಪಡಬೇಕಿಲ್ಲ. ಆದ್ದರಿಂದ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಹತ್ತಿರದ ಪೊಲೀಸ್ ಠಾಣೆಗೆ ಮುಂಚೆಯೇ ತಿಳಿಸಿ, ಹೆಸರು ಮತ್ತು ಗಾಡಿ ನಂಬರು ಬರೆದುಕೊಡಿ. ಇನ್ನೂ ಒಳ್ಳೆಯದೆಂದರೆ ಸಂಜೆ ಊರವರನ್ನೇ ಕರೆದು ಶನಿಯ ಉಂಗುರವನ್ನೋ ಗುರುವಿನ ಉಪಗ್ರಹಗಳನ್ನೋ ಮೊದಲು ಅವರಿಗೆ ತೋರಿಸಿ. ಹೊಲಕ್ಕೆ ಬಾಡಿಗೆ ಕೊಡಿ, ಊಟ ಆ ಮನೆಯಿಂದಲೇ ಮಾಡಿಸಿ.

ದೊಡ್ಡ ಗುಂಪಿಗೆ ಹೊಲದಲ್ಲಿರುವ ದೊಡ್ಡ ಕೊರತೆ ಶೌಚಾಲಯ. ಇದನ್ನು ಹಗುರವಾಗಿ ತೆಗೆದುಕೊಂಡ ಗುಂಪುಗಳಿಂದ ಹೆಣ್ಣುಮಕ್ಕಳು ಮುಂದಿನ ಸಲ ತಾವಾಗಿಯೇ ಹಿಂದೆ ಸರಿಯುತ್ತಾರೆ, ಕಾರಣ ಹೇಳುವುದಿಲ್ಲ. ಹೊಲದ ಮನೆಯಿದ್ದು ಅಲ್ಲಿ ನೀರು, ಬಾಗಿಲಿರುವ ಶೌಚಾಲಯ ಇದ್ದರೆ ಸರಿ. ಇಲ್ಲದಿದ್ದರೆ ಊರಿಂದ ಸ್ವಲ್ಪ ಆಚೆಗಿರುವ ಸರ್ಕಾರಿ ಶಾಲೆಯ ಮೈದಾನ ಕೇಳಿ. ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ ಒಪ್ಪಬೇಕು, ಮಕ್ಕಳಿಗೂ ಆಕಾಶ ತೋರಿಸುತ್ತೇವೆಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಶಾಲೆ ಎದುರಿನ ಬೀದಿದೀಪದ ಸ್ವಿಚ್ಚು ಅನೇಕ ಊರುಗಳಲ್ಲಿ ನೀರು ಬಿಡುವ ವಾಟರ್‌ಮನ್ ಕೈಯಲ್ಲೇ ಇರುತ್ತದೆ, ಅವರನ್ನು ಸ್ನೇಹ ಮಾಡಿಕೊಳ್ಳಿ. ಹೋಂಸ್ಟೇ ಹಿಡಿದರೆ ಮುಂಗಡಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಹತ್ತರ ಮೇಲೆ ಅಂಗಳದ ಎಲ್ಲ ದೀಪ ಆರಿಸುತ್ತೀರಾ? “ಸೇಫ್ಟಿಗೆ ಒಂದೆರಡು ಇರುತ್ತೆ ಸರ್” ಎಂಬ ಉತ್ತರ ಬಂದರೆ ಬೇರೆ ಜಾಗ ನೋಡಿ.

ಬಿಡಾರದೊಳಗೆ ಕತ್ತಲೆಯನ್ನು ಕೆಡಿಸುವವರು ಯಾವಾಗಲೂ ನಮ್ಮವರೇ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ನಿಧಾನವಾಗಿ ಕೂಡಿಕೊಳ್ಳುವ ಸಮಯ ಅದು. ಒಬ್ಬರ ಮೊಬೈಲ್ ಟಾರ್ಚು ಎರಡು ಸೆಕೆಂಡಿನಲ್ಲಿ ಮೂವತ್ತು ಜನರ ಅರ್ಧ ಗಂಟೆಯನ್ನು ಹಾಳುಮಾಡುತ್ತದೆ. ಹಾಗಾಗಿ ಜಾಗ ಆರಿಸುವಾಗಲೇ ಮೂರು ತಾಣ ಗುರುತಿಸಿಕೊಳ್ಳಬೇಕು. ಗಾಡಿಗಳು ರಸ್ತೆಯ ಪಕ್ಕ, ಮುಖ ಹೊರಕ್ಕೆ ಮಾಡಿ ನಿಲ್ಲಲಿ, ಬೇಗ ಹೊರಡುವವರ ಹೆಡ್‌ಲೈಟು ಹೊಲದ ಕಡೆ ಬೀಳಬಾರದು. ಮಲಗುವ ಟೆಂಟುಗಳು ಸ್ವಲ್ಪ ದೂರ, ಹತ್ತಕ್ಕೇ ಮಲಗುವವರಿಗೆ ಎರಡು ಗಂಟೆಯ ಉದ್ಗಾರಗಳು ಕೇಳದಷ್ಟು. ಟೆಲಿಸ್ಕೋಪಿನ ತಾಣ ಇವೆರಡರಿಂದಲೂ ಬೇರೆ, ಟೆಂಟುಗಳ ದಕ್ಷಿಣಕ್ಕೆ. ಎಲ್ಲರೂ ಕತ್ತಲಾಗುವ ಮೊದಲೇ ಬಂದು ಸೇರಬೇಕು, ಊಟ ಎಂಟರೊಳಗೆ ಮುಗಿಯಬೇಕು, ಮುಂದೆ ಫ್ಲಾಸ್ಕಿನ ಚಹಾ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮೂರು ಪದರ ಸುತ್ತಿದರೆ ಸಾಕು, ಕತ್ತಲಲ್ಲಿ ನೋಡಲು ನೆರವಾಗುವ ಕಣ್ಣಿನ ಕಡ್ಡಿಕೋಶಗಳು ಕೆಂಪು ಬೆಳಕಿಗೆ ಅಷ್ಟಾಗಿ ಮರುಳಾಗುವುದಿಲ್ಲ. ಕ್ಯಾಂಪ್‌ಫೈರ್ ಹಾಕೋಣ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಒಣಹುಲ್ಲಿನ ಮೆದೆಯ ಪಕ್ಕ ಬೆಂಕಿ ಹಚ್ಚುವುದು ಅಪಾಯ ಎಂದು ಹೇಳಿ, ನಕ್ಷತ್ರದ ಕಾರಣಕ್ಕಿಂತ ಆ ಕಾರಣ ಬೇಗ ನಾಟುತ್ತದೆ.

ಬಯಲಿನಲ್ಲಿ ಆನೆಯ ಭಯ ಕಡಿಮೆ, ಹಾವಿನದು ಇದ್ದೇ ಇದೆ. ಕಟ್ಟುಹಾವು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ನೋವಿಲ್ಲದ ಕಾರಣ ಗೊತ್ತಾಗದೆಯೂ ಹೋಗಬಹುದು. ಜಿಪ್ ಪೂರ್ತಿ ಮುಚ್ಚುವ ಟೆಂಟು ಅಥವಾ ಮಂಚ ಬೇಕು. ಕಲ್ಲುಗುಡ್ಡೆ, ಬಣವೆಗಳ ಪಕ್ಕ ಹಾಸಬೇಡಿ, ಬೂಟು ಹಾಕಿಕೊಂಡೇ ಓಡಾಡಿ. ಹಾವಿನ ವಿಷಕ್ಕೆ ಮದ್ದಿರುವ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಜಾಗ ನೋಡಲು ಹೋದ ದಿನವೇ ತಿಳಿದುಕೊಳ್ಳಿ. ಒಂದು ಗಂಟೆಗಿಂತ ಹೆಚ್ಚೆಂದರೆ ಆ ಜಾಗ ಎಷ್ಟೇ ಕತ್ತಲಾಗಿರಲಿ, ಮಕ್ಕಳಿರುವ ಗುಂಪಿಗೆ ಬೇಡ. ಬೆಳಿಗ್ಗೆ ಕಾರು ಓಡಿಸಬೇಕಾದವರನ್ನು ರಾತ್ರಿ ಹನ್ನೆರಡಕ್ಕೆ ಒತ್ತಾಯದಿಂದ ಮಲಗಿಸಿ.

ಮುಂದಿನ ಒಂದು ದಿನಾಂಕವನ್ನು ಗುರುತು ಹಾಕಿಕೊಳ್ಳಿ. 2027ರಲ್ಲಿ ಮಹಾಶಿವರಾತ್ರಿ ಮಾರ್ಚ್ 6ರಂದು, ಶನಿವಾರ. ಗುರು ಮತ್ತು ಮಂಗಳ ಎರಡೂ ಫೆಬ್ರುವರಿಯಲ್ಲಿ ಸೂರ್ಯನಿಗೆ ಎದುರಾಗಿ ಬಂದಿರುವುದರಿಂದ ಅಂದು ಹೆಚ್ಚುಕಡಿಮೆ ರಾತ್ರಿಯಿಡೀ ಕಾಣುತ್ತವೆ. ಸಂಜೆ ಅಗಸ್ತ್ಯ, ಲುಬ್ಧಕ, ಮಹಾವ್ಯಾಧ. ರಾತ್ರಿ ಎರಡರ ಹೊತ್ತಿಗೆ ತ್ರಿಶಂಕು ನೇರ ದಕ್ಷಿಣದಲ್ಲಿ ನಿಲ್ಲುತ್ತದೆ, ನಾಲ್ಕಕ್ಕೆ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಎರಡೂವರೆ ಮುಷ್ಟಿಗೂ ಮೇಲೆ. ಚಂದ್ರ ಬರುವುದು ಐದರ ಸುಮಾರಿಗೆ. ದಕ್ಷಿಣ ತೆರೆದ ಹೊಲ ಹುಡುಕುವ ಕೆಲಸವನ್ನು ಅದಕ್ಕೂ ಒಂದೆರಡು ಅಮಾವಾಸ್ಯೆ ಮುಂಚೆಯೇ ಮುಗಿಸಿರಿ.